ಬೆಳಗಿನ ಶೋ ಬಿಚ್ಚಿ ಮತ್ತೆ ಕಟ್ಟಿದ್ದು: ಯಾವ ಸದ್ದು, ಎಷ್ಟು ಇಂಚು, ರಾಶಿ ಎಷ್ಟು

ಸಾಗರ, ಹೊಸನಗರ ಸೀಮೆಯಲ್ಲಿ ನಮ್ಮದೊಂದು ಸಣ್ಣ ಸಮುದಾಯ ರೇಡಿಯೊ. ಬೆಳಿಗ್ಗೆ 7ರಿಂದ 9ರವರೆಗೆ ಒಂದು ಶೋ ಬರುತ್ತದೆ. ಅದು ಕೆಟ್ಟದಾಗೇನೂ ಇರಲಿಲ್ಲ, ಆದರೆ ಯಾರಿಗೂ ನೆನಪಲ್ಲಿ ಉಳಿಯುತ್ತಿರಲಿಲ್ಲ. ಡೈರಿಗೆ ಹಾಲು ಹಾಕಲು ಬಂದವರನ್ನು ನಿಲ್ಲಿಸಿ "ಇವತ್ತು ಬೆಳಿಗ್ಗೆ ರೇಡಿಯೊದಲ್ಲಿ ಏನು ಬಂತು?" ಅಂತ ಕೇಳಿದರೆ "ಹಾಡು ಬಂತು, ಮತ್ತೆ ಆ ಹುಡುಗಿ ಮಾತಾಡ್ತಿತ್ತು" ಅನ್ನುತ್ತಿದ್ದರು. ಏನು ಮಾತಾಡಿತು ಅಂತ ಕೇಳಿದರೆ ನಗು. ಹಾಗಾಗಿ ಮಳೆಗಾಲ ಶುರುವಾಗುವ ಮುಂಚೆ ಶೋವನ್ನು ಪೂರ್ತಿ ಬಿಚ್ಚಿ ಒಂದೊಂದೇ ಭಾಗ ಮತ್ತೆ ಜೋಡಿಸಿದೆವು. ಏನು ಮಾಡಿದೆವು, ಯಾಕೆ ಮಾಡಿದೆವು, ಯಾವುದು ನಿಂತಿತು, ಯಾವುದನ್ನು ಎಸೆದೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಮಿತಿಗಳು. ಸಮುದಾಯ ರೇಡಿಯೊಗೆ ಸಿಗುವುದು 100 ವ್ಯಾಟ್ ಪವರ್. ಆಂಟೆನಾ 30 ಮೀಟರಿಗಿಂತ ಎತ್ತರ ಇರುವಂತಿಲ್ಲ. ಬಯಲುಸೀಮೆಯಲ್ಲಾದರೆ ಇದು ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆ. ನಮ್ಮಲ್ಲಿ ಗುಡ್ಡದ ಆಚೆ ಬದಿಯ ಮನೆಗೆ ಬರೀ ಗೊರಗೊರ. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೇ ಮರುಪ್ರಸಾರ ಮಾಡಬಹುದು ಅಷ್ಟೇ. ಆದರೆ ಹವಾಮಾನ, ಕರೆಂಟು, ನೀರು, ಊರ ಹಬ್ಬ, ಪರೀಕ್ಷೆ ಫಲಿತಾಂಶ ಇವೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಕಡೆ, ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಊರಿನ ಜನ ಸೇರಿಕೊಂಡು ಮಾಡಿದ್ದೇ ಆಗಿರಬೇಕು ಅನ್ನುವ ನಿಯಮ ಇದೆ. ಸಿನಿಮಾ ಹಾಡಿನ ಲೈಸೆನ್ಸಿಗೆ ಕಟ್ಟುವಷ್ಟು ದುಡ್ಡಿಲ್ಲ. ಅಂದರೆ ಬೆಂಗಳೂರಿನ ಎಫ್‌ಎಂಗಳು ಮಾಡುವ ಶೋವನ್ನು ನಾವು ಮಾಡಲು ಬರುವುದೇ ಇಲ್ಲ. ಆದರೂ ನಾವು ಇಷ್ಟು ದಿನ ಅದನ್ನೇ ನಕಲು ಮಾಡುತ್ತಿದ್ದೆವು! ಅದೇ ವೇಗದ ಮಾತು, ಅದೇ ಹಿಹಿ ನಗು, ಅದೇ "ಗುಡ್ ಮಾರ್ನಿಂಗ್ ಗುಡ್ ಮಾರ್ನಿಂಗ್".

ಗಡಿಯಾರದಿಂದ ಶುರು

ಸ್ಕ್ರಿಪ್ಟ್ ಮುಟ್ಟುವ ಮೊದಲು ಒಂದು ದೊಡ್ಡ ಹಾಳೆಯಲ್ಲಿ ಗಡಿಯಾರ ಬರೆದೆವು. ಇದು ರೇಡಿಯೊದವರ ಹಳೇ ವಿದ್ಯೆ, ಒಂದು ಗಂಟೆಯನ್ನು ವೃತ್ತ ಮಾಡಿ ಯಾವ ನಿಮಿಷಕ್ಕೆ ಏನು ಬರುತ್ತದೆ ಅಂತ ತುಂಡು ಹಾಕುವುದು. ನಾವು ಅದರ ಪಕ್ಕದಲ್ಲಿ ಇನ್ನೊಂದು ಗಡಿಯಾರ ಬರೆದೆವು. ಅದು ಊರಿನದು. 6:30ಕ್ಕೆ ಹಾಲು ಕರೆದು ಮುಗಿಯುತ್ತದೆ. 7ಕ್ಕೆ ಡೈರಿಯಲ್ಲಿ ಕ್ಯೂ. 7:10ರಿಂದ 7:40 ಅಡುಗೆಮನೆಯಲ್ಲಿ ದೋಸೆ, ಡಬ್ಬಿ, ಮಕ್ಕಳ ತಲೆ ಬಾಚುವುದು. 7:45ಕ್ಕೆ ಶಾಲೆ ಮಕ್ಕಳು ರಸ್ತೆಗೆ. 8:15ಕ್ಕೆ ಕಾಲೇಜು ಹುಡುಗರ ಬಸ್ಸು. 8:30ಕ್ಕೆ ಪೇಟೆಯಲ್ಲಿ ಅಂಗಡಿಗಳ ಶಟರ್ ಏಳುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಮಸ್ಯೆ ತಾನಾಗೇ ಕಾಣಿಸಿತು. ಎರಡು ಗಂಟೆ ಕೂತು ಕೇಳುವವರು ಯಾರೂ ಇಲ್ಲ. ಒಬ್ಬೊಬ್ಬರೂ ಕಾಲು ಗಂಟೆ ಕೇಳುತ್ತಾರೆ, ಅದೂ ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಂಡು. ನಾವೋ 7ಕ್ಕೆ ಪ್ರಶ್ನೆ ಕೇಳಿ 8:50ಕ್ಕೆ ಉತ್ತರ ಹೇಳುತ್ತಿದ್ದೆವು, ಜನ ಕಾಯುತ್ತಾರೆ ಅಂತ. ಪ್ರಶ್ನೆ ಕೇಳಿಸಿಕೊಂಡ ಹುಡುಗ ಅಷ್ಟು ಹೊತ್ತಿಗೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿರುತ್ತಾನೆ.

ನಮ್ಮ ಕಡೆ ಹಳಬರು ಸಂಸ್ಕೃತ ವಾರ್ತೆ ಬಂತು ಅಂದರೆ 6:55 ಅಂತ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಸಂಸ್ಕೃತ ಎಷ್ಟು ಜನಕ್ಕೆ ಅರ್ಥವಾಗುತ್ತಿತ್ತೋ ಬೇರೆ ಮಾತು, ಆದರೆ ಅದು ಬಂದಾಗ ಸ್ನಾನಕ್ಕೆ ಹೋಗಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನಾವು ಹಿಡಿದ ದಾರಿ ಅದೇ. ಬೆಳಗಿನ ಶೋದಲ್ಲಿ ಯಾವುದಾದರೂ ನೆನಪಿರಬೇಕು ಅಂದರೆ ಅದು ದಿನಾ ಅದೇ ನಿಮಿಷಕ್ಕೆ ಬರಬೇಕು, ಕೇಳಿದವರು ಅದನ್ನು ಇನ್ನೊಬ್ಬರಿಗೆ ಒಂದೇ ಮಾತಲ್ಲಿ ದಾಟಿಸುವಂತಿರಬೇಕು. ಈ ಎರಡೂ ಇಲ್ಲದ್ದನ್ನೆಲ್ಲ ತೆಗೆದೆವು.

ಹಾಗೆ ಹೋದವು: ಇಂಟರ್ನೆಟ್ಟಿನಿಂದ ಎತ್ತಿದ "ಇಂದಿನ ದಿನ ವಿಶೇಷ", ನುಡಿಮುತ್ತು, ವಾಟ್ಸಾಪ್ ಜೋಕು, ಮತ್ತು ಯಾವುದೋ ದೇಶದಲ್ಲಿ ಯಾರೋ ಅತಿ ಉದ್ದದ ಉಗುರು ಬೆಳೆಸಿದ ಸಂಗತಿಗಳು. ದಿನಭವಿಷ್ಯ ಹಾಕಿ ಅಂತ ಇವತ್ತಿಗೂ ಫೋನ್ ಬರುತ್ತದೆ. ಹಾಕುವುದಿಲ್ಲ. ಟಿವಿಯಲ್ಲಿ ಬೇಕಾದಷ್ಟಿದೆ. ಸಿಗಂದೂರಿಗೆ ಹಿನ್ನೀರು ದಾಟಿಸುವ ಲಾಂಚ್ ಟೈಮ್ ಹೇಳುವ ಕೆಲಸ ಮಾತ್ರ ನಾವು ತೆಗೆದದ್ದಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಅದರ ಅಗತ್ಯವೇ ಇಲ್ಲವಾಯಿತು.

ಮಾತು ಕತ್ತರಿಸಿದ್ದು

ನಮ್ಮ ನಿರೂಪಕಿ ಡಿಗ್ರಿ ಓದುವ ಹುಡುಗಿ, ಒಳ್ಳೆಯ ಕಂಠ. ಆದರೆ ಎರಡು ಐಟಂಗಳ ನಡುವೆ ಆಡಲು ಅವಳಿಗೆ ಬರೆದುಕೊಡುತ್ತಿದ್ದ ಮಾತುಗಳು, ಅಂದರೆ ಲಿಂಕ್‌ಗಳು ಹೀಗಿರುತ್ತಿದ್ದವು: "ಶುಭೋದಯ ಪ್ರಿಯ ಕೇಳುಗರೇ, ಮುಂಜಾನೆಯ ತಂಗಾಳಿ ಬೀಸುತ್ತಿರುವ ಈ ಸುಂದರ ಘಳಿಗೆಯಲ್ಲಿ ನಿಮ್ಮೆಲ್ಲರಿಗೂ ಹಾರ್ದಿಕ ಸ್ವಾಗತ ಕೋರುತ್ತಾ..." ಇಷ್ಟು ಮುಗಿಯುವಷ್ಟರಲ್ಲಿ ಒಂದು ಕಡೆ ದೋಸೆ ಸೀದಿರುತ್ತದೆ. ಈಗ ಅದೇ ಜಾಗದಲ್ಲಿ: "ಏಳು ಇಪ್ಪತ್ತು. ರಾತ್ರಿ ಎಲ್ಲೆಲ್ಲಿ ಎಷ್ಟು ಮಳೆ ಬಂತು, ಕೇಳೋಣ." ಸಮಯ, ವಿಷಯ, ಮುಗಿಯಿತು. ಯಾವ ಲಿಂಕೂ 40 ಸೆಕೆಂಡ್ ದಾಟಬಾರದು. ಮೊದಲ ವಾಕ್ಯದಲ್ಲೇ ವಿಷಯ ಬರಬೇಕು. ಮುಂದೆ ಏನಿದೆ ಅಂತ ಹೇಳುವಾಗ "ಇನ್ನೂ ಬಹಳಷ್ಟಿದೆ, ಕೇಳ್ತಾ ಇರಿ" ಅನ್ನುವಂತಿಲ್ಲ, "ಏಳು ಮೂವತ್ತೈದಕ್ಕೆ ರಾಶಿ ರೇಟು" ಅಂತಲೇ ಹೇಳಬೇಕು. (ರಾಶಿ ಅಂದರೆ ಇಲ್ಲಿ ಅಡಿಕೆಯ ಒಂದು ಬಗೆ.)

ಅವಳಿಗೆ ಮೊದಮೊದಲು ಇದು ಸಪ್ಪೆ ಅನ್ನಿಸಿತು. "ಸರ್, ಇದರಲ್ಲಿ ನಾನೆಲ್ಲಿದ್ದೀನಿ?" ಅಂದಳು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸ್ಕ್ರಿಪ್ಟ್‌ನಲ್ಲಿ ಸಿಗಲಿಲ್ಲ, ಫೋನಿನಲ್ಲಿ ಸಿಕ್ಕಿತು. ಬರೆದ ಮಾತು ಕಮ್ಮಿ ಆದಷ್ಟೂ ಫೋನ್ ಮಾಡಿದವರ ಜೊತೆ ಅವಳು ಆಡುವ ಮಾತಿಗೆ ಜಾಗ ಜಾಸ್ತಿ ಆಯಿತು. ಅವಳ ಚುರುಕು ಇರುವುದು ಅಲ್ಲಿ.

7:05ಕ್ಕೆ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ. ನಮ್ಮ ಕಡೆ ಭದ್ರಾವತಿ ಕೇಂದ್ರ ಹಿಡಿಯುವ ಮನೆಗಳು ಇನ್ನೂ ಇವೆ, 675 ಕಿಲೋಹರ್ಟ್ಸ್ ಅಂತ ಮುಳ್ಳು ಅಲ್ಲೇ ನಿಂತುಬಿಟ್ಟ ಹಳೇ ಸೆಟ್‌ಗಳು. ಅದರ ಜೊತೆ ಪೈಪೋಟಿ ಮಾಡುವುದು ದಂಡ. ಆ ಹೊತ್ತು ನಾವು ಮಾತಾಡುವುದಿಲ್ಲ, ಹಾಡು ಹಾಕುತ್ತೇವೆ. ಹಾಡು ಅಂದರೆ ಊರಲ್ಲೇ ರೆಕಾರ್ಡ್ ಮಾಡಿದ್ದು: ಸೋಬಾನೆ, ಹಸೆ ಬರೆಯುವಾಗ ಹೇಳುವ ಹಾಡು, ದೀಪಾವಳಿ ರಾತ್ರಿ ಮನೆಮನೆಗೆ ದೀಪ ಹಿಡಿದು ಬರುವ ಅಂಟಿಗೆ ಪಂಟಿಗೆಯವರ ಪದ. ಸುದ್ದಿ ಮುಗಿಸಿ ಈಚೆ ಬರುವವರಿಗಾಗಿ 7:12ಕ್ಕೆ ನಮ್ಮ ಮೊದಲ ಐಟಂ.

ಯಾವ ಸದ್ದು?

ಇದೇ ಜಾಸ್ತಿ ಕೆಲಸ ಹಿಡಿದದ್ದು, ಜಾಸ್ತಿ ಮಜಾ ಕೊಟ್ಟದ್ದೂ ಇದೇ. ಐದು ಸೆಕೆಂಡಿನ ಒಂದು ಸದ್ದು ಕೇಳಿಸುತ್ತೇವೆ. ಏನದು ಅಂತ ಫೋನ್ ಮಾಡಿ ಹೇಳಬೇಕು. 7:12ಕ್ಕೆ ಸದ್ದು, 7:28ಕ್ಕೆ ಉತ್ತರ. ನಡುವೆ ಹದಿನಾರು ನಿಮಿಷ, ಅಂದರೆ ಒಬ್ಬರು ಅಡುಗೆಮನೆಯಲ್ಲಿ ಇರುವಷ್ಟು ಹೊತ್ತು. 8ರ ಮೇಲೆ ಕೇಳುವವರೇ ಬೇರೆ, ಅವರಿಗೆ 8:12ಕ್ಕೆ ಅದೇ ಸದ್ದು, 8:28ಕ್ಕೆ ಉತ್ತರ. ಮೊದಲ ಗಂಟೆಯಲ್ಲಿ ಉತ್ತರ ಗೊತ್ತಾದವರು ಎರಡನೇ ಗಂಟೆಗೆ ಫೋನ್ ಮಾಡಿ ಬುದ್ಧಿವಂತಿಕೆ ತೋರಿಸುತ್ತಾರೆ, ಅದು ನಮಗೂ ಗೊತ್ತು. ತೋರಿಸಲಿ ಬಿಡಿ.

ಸದ್ದು ಆರಿಸುವುದೇ ಕಷ್ಟ. ಎಲ್ಲರೂ ಸಾವಿರ ಸಲ ಕೇಳಿರಬೇಕು, ಆದರೆ ಕಣ್ಣು ಮುಚ್ಚಿ ಬರೀ ಸದ್ದನ್ನೇ ಯಾವತ್ತೂ ಕೇಳಿರಬಾರದು. ಕಂಡಕ್ಟರ್ ಸೀಟಿ ಹಾಕಿದರೆ ಮಗುವೂ ಹೇಳುತ್ತದೆ. ವೆಲ್ಡಿಂಗ್ ಹಾಕಿದರೆ ಯಾರೂ ಫೋನ್ ಮಾಡುವುದಿಲ್ಲ. ಚೆನ್ನಾಗಿ ಓಡಿದವು ಇವು: ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು, ತುರಿಮಣೆಯಲ್ಲಿ ಕಾಯಿ ತುರಿಯುವುದು, ಊದುಕೊಳವೆಯಲ್ಲಿ ಒಲೆ ಊದುವುದು, ಮಜ್ಜಿಗೆ ಕಡೆಯುವುದು, ಕೊಡೆ ಬಿಚ್ಚುವುದು, ಕೊಟ್ಟಿಗೆಯಲ್ಲಿ ದನ ಹುಲ್ಲು ಜಗಿಯುವುದು. ಹಾಲು ಕರೆಯುವ ಸದ್ದನ್ನು ಎರಡು ಬೇರೆ ಬೇರೆ ದಿನ ಹಾಕಿದೆವು. ಒಂದು, ಖಾಲಿ ಬಕೆಟ್ಟಿನ ತಳಕ್ಕೆ ಧಾರೆ ಬಿದ್ದು ಚರ್ ಚರ್ ಅಂತ ಟಿಣಿಗುಟ್ಟುವುದು. ಇನ್ನೊಂದು, ಬಕೆಟ್ ತುಂಬುತ್ತಾ ನೊರೆ ಬಂದ ಮೇಲೆ ಬುಸ್ ಬುಸ್ ಅನ್ನುವುದು. ಮೊದಲನೆಯದನ್ನು ಎಲ್ಲರೂ ಹೇಳಿದರು. ಎರಡನೆಯದನ್ನು ಕೈಯಾರೆ ಹಾಲು ಕರೆಯುವವರು ಮಾತ್ರ ಹೇಳಿದರು, ಮೆಷಿನ್ ಇಟ್ಟುಕೊಂಡವರು ಬಿದ್ದರು.

ರೆಕಾರ್ಡಿಂಗ್ ಬಗ್ಗೆ ಸ್ವಲ್ಪ ಹೇಳಬೇಕು. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್ ಸಾಕು, 48 ಕಿಲೋಹರ್ಟ್ಸ್, 24 ಬಿಟ್. ಗಾಳಿಗೆ ಮೈಕಿನ ಮೇಲೆ ತುಪ್ಪಟದ ಕವಚ ಬೇಕೇ ಬೇಕು, ಅಂಗಳದಲ್ಲಿ ಅದಿಲ್ಲದೆ ಬರೀ ಡಬಡಬ. ಸದ್ದಿಗೆ ಆದಷ್ಟು ಹತ್ತಿರ, ಒಂದು ಗೇಣು ದೂರ. ಒಂದು ನಿಮಿಷ ರೆಕಾರ್ಡ್ ಮಾಡಿ, ಅದರಲ್ಲಿ ಚೆನ್ನಾಗಿರುವ ಐದು ಸೆಕೆಂಡ್ ಕತ್ತರಿಸುವುದು. ಮುಂದೆ ಹಿಂದೆ ಅರ್ಧ ಸೆಕೆಂಡ್ ಖಾಲಿ ಬಿಡುವುದು, ಸದ್ದನ್ನು ಎರಡು ಸಲ ಕೇಳಿಸುವುದು. ಕೆಳಗೆ ಮ್ಯೂಸಿಕ್ ಹಾಕಲೇಬಾರದು.

ಆಮೇಲೆ ಸ್ಟುಡಿಯೊ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನ ಮಾಡಬಾರದು. ನಮ್ಮ ಜನ ಕೇಳುವುದು ಮೊಬೈಲಿನಲ್ಲಿ, ಅಂಗೈ ಅಗಲದ ರೇಡಿಯೊದಲ್ಲಿ, ಆಟೋದಲ್ಲಿ. ಸಣ್ಣ ಸ್ಪೀಕರಿಗೆ ಸುಮಾರು 200 ಹರ್ಟ್ಸಿನ ಕೆಳಗಿನದು ಬರುವುದೇ ಇಲ್ಲ. ಎಫ್‌ಎಂನಲ್ಲಿ ಮೇಲ್ಗಡೆ 15 ಕಿಲೋಹರ್ಟ್ಸಿಗೆ ಮುಗಿಯುತ್ತದೆ, ಯಾಕೆಂದರೆ 19ರಲ್ಲಿ ಸ್ಟೀರಿಯೊ ಪೈಲಟ್, ಅಂದರೆ ಇದು ಸ್ಟೀರಿಯೊ ಅಂತ ರೇಡಿಯೊಗೆ ತಿಳಿಸುವ ಸಂಕೇತ, ಕೂತಿರುತ್ತದೆ. ಡೊಳ್ಳನ್ನು ಇಡೀ ಕೋಣೆ ನಡುಗುವ ಹಾಗೆ ರೆಕಾರ್ಡ್ ಮಾಡಿದ್ದೆವು, ಸಣ್ಣ ರೇಡಿಯೊದಲ್ಲಿ ಧಂ ಹೋಗಿ ಕೋಲಿನ ಟಕ್ ಮಾತ್ರ ಉಳಿಯಿತು. ಹಾಗಾಗಿ ಈಗ ನಡುವಿನ ಸದ್ದುಗಳನ್ನೇ ಆರಿಸುತ್ತೇವೆ: ಕೊರೆಯುವುದು, ಉಜ್ಜುವುದು, ಚಿಟುಕುವುದು, ಹಕ್ಕಿ ಸಿಳ್ಳೆ. ಕೊನೆಯ ಪರೀಕ್ಷೆ ಅಡುಗೆಮನೆಯಲ್ಲಿ. ಮಿಕ್ಸಿ ಓಡುತ್ತಿರುವಾಗ ಪಕ್ಕದಲ್ಲಿ ರೇಡಿಯೊ ಇಟ್ಟು ಕೇಳುವುದು. ಅಲ್ಲಿ ಗೊತ್ತಾದರೆ ಎಲ್ಲ ಕಡೆ ಗೊತ್ತಾಗುತ್ತದೆ.

ಒಂದು ತಮಾಷೆಯ ತೊಂದರೆ ಬಂತು. ಹಾಡು, ಮಾತು ಸಾಲಾಗಿ ಪ್ರಸಾರಕ್ಕೆ ಬಿಡುವ ನಮ್ಮ ಪ್ಲೇಔಟ್ ಸಾಫ್ಟ್‌ವೇರ್‌ನಲ್ಲಿ ಮೌನ ಹಿಡಿಯುವ ಒಂದು ವ್ಯವಸ್ಥೆ ಇದೆ. ಪ್ರಸಾರದಲ್ಲಿ ಕೆಲವು ಸೆಕೆಂಡ್ ಸದ್ದು ಇಲ್ಲದಿದ್ದರೆ ಏನೋ ಕೆಟ್ಟಿದೆ ಅಂದುಕೊಂಡು ತಾನೇ ಹಾಡು ಹಾಕಿಬಿಡುತ್ತದೆ. ಒಳ್ಳೆಯ ವ್ಯವಸ್ಥೆಯೇ, ಆದರೆ ದನ ಹುಲ್ಲು ಜಗಿಯುವ ಸದ್ದು ಅದಕ್ಕೆ ಮೌನದ ಹಾಗೆ ಕೇಳಿಸಿತು. ದನ ಜಗಿಯುತ್ತಿದ್ದ ಹಾಗೇ ಮೇಲೆ ಸೋಬಾನೆ ಶುರು! ಫೋನ್ ಮಾಡಿದ ಅಜ್ಜ ಒಬ್ಬರು "ಉತ್ತರ ಮದುವೆ ಮನೆ" ಅಂದರು. ಮೌನದ ಮಿತಿಯನ್ನು ಇನ್ನೂ ಕೆಳಗೆ ಇಳಿಸಿ, ಹಾಡು ಹಾಕುವ ಮೊದಲು ಕಾಯುವ ಹೊತ್ತನ್ನು ಹೆಚ್ಚು ಮಾಡಿದ ಮೇಲೆ ಸರಿಯಾಯಿತು. ಎಲ್ಲ ಫೈಲ್‌ಗಳನ್ನೂ ಆಡಾಸಿಟಿ ಅನ್ನುವ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೇ ಲೌಡ್‌ನೆಸ್‌ಗೆ, ಮೈನಸ್ 16 ಲಫ್ಸ್‌ಗೆ (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ), ತಂದಿಟ್ಟದ್ದೂ ಉಪಯೋಗಕ್ಕೆ ಬಂತು. ಮುಂಚೆ ಒಂದು ಫೈಲ್ ಪಿಸುಗುಟ್ಟುತ್ತಿತ್ತು, ಮುಂದಿನದು ಕಿವಿಗೆ ಬಡಿಯುತ್ತಿತ್ತು.

ನಿಜವಾದ ಸರಕು ಸರಿ ಉತ್ತರದಲ್ಲಿ ಇಲ್ಲ, ತಪ್ಪು ಉತ್ತರದಲ್ಲಿದೆ. ಮಜ್ಜಿಗೆ ಕಡೆಯುವ ಸದ್ದಿಗೆ ಒಬ್ಬ ಹುಡುಗ "ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ ಅಕ್ಕಾ" ಅಂದ. ಆಮೇಲೆ ವಯಸ್ಸಾದ ಒಬ್ಬ ಅಮ್ಮನ ಫೋನ್. "ಮಜ್ಜಿಗೆ ಅಂತ ನಂಗೆ ಆಗ್ಲೇ ಗೊತ್ತಾಯ್ತು ಮಾರಾಯ್ತಿ, ಆದ್ರೆ ಯಾರದು ಕಡೀತಾ ಇರೋದು, ಇನ್ನೂ ಬೆಣ್ಣೆ ಬಂದಿಲ್ಲ, ಬೆಣ್ಣೆ ಬಂದ್ರೆ ಸದ್ದು ದಪ್ಪ ಆಗುತ್ತೆ" ಅಂದರು. ಇಂಥದ್ದನ್ನು ಯಾವ ಸ್ಕ್ರಿಪ್ಟ್ ರೈಟರ್ ಬರೆಯಬಲ್ಲ? ಅವತ್ತು ಹೋಟೆಲ್ಲಿನಲ್ಲಿ ಟೀ ಕುಡಿಯುತ್ತಾ ಇಬ್ಬರು ಬೆಣ್ಣೆ ಬರುವ ಸದ್ದಿನ ಬಗ್ಗೆ ವಾದ ಮಾಡುತ್ತಿದ್ದರು. ಬೆಂಗಳೂರಿನ ಸ್ಟೇಷನ್‌ಗಳಿಗೆ ರೇಟಿಂಗ್ ಲೆಕ್ಕ ಬರುತ್ತದೆ, ನಮಗೆ ಅದೆಲ್ಲ ಇಲ್ಲ. ಹತ್ತು ಗಂಟೆಗೆ ಹೋಟೆಲ್ಲಿನಲ್ಲಿ ಏನು ಮಾತಾಡುತ್ತಾರೆ ಅನ್ನುವುದೇ ನಮ್ಮ ರೇಟಿಂಗ್.

ಬಹುಮಾನ ಕೊಡುವುದಿಲ್ಲ. ಊರ ಹೆಸರು, ಕರೆಯುವ ಹೆಸರು ಹೇಳುತ್ತೇವೆ, ಅಷ್ಟೇ. ಸೋಮವಾರ ಸುಲಭದ್ದು, ಶುಕ್ರವಾರಕ್ಕೆ ತಲೆ ಕೆರೆಯುವಂಥದ್ದು. ಈಗ ಜನ ತಾವೇ ಸದ್ದು ಕಳಿಸುತ್ತಾರೆ. ಅರ್ಧಕ್ಕರ್ಧ ಕೋಳಿ ಕೂಗುವುದು.

ಎಷ್ಟು ಇಂಚು?

ಎರಡನೇ ಐಟಂ 7:20ಕ್ಕೆ, ಮಳೆ ಲೆಕ್ಕ. ಇದನ್ನು ನಾವು ಹೊಸದಾಗಿ ಹುಟ್ಟಿಸಿದ್ದೇನಲ್ಲ. ಮಲೆನಾಡಿನ ತೋಟದವರು ಮೊದಲಿಂದಲೂ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ, ಬೆಳಿಗ್ಗೆ ಒಬ್ಬರಿಗೊಬ್ಬರು ಫೋನ್ ಮಾಡಿ "ನಿಮ್ಮಲ್ಲೆಷ್ಟು?" ಅಂತ ಕೇಳುತ್ತಾರೆ. ಆ ಫೋನನ್ನು ನಾವು ರೇಡಿಯೊಗೆ ತಂದೆವು, ಅಷ್ಟೇ.

ನಡೆಯುವುದು ಹೀಗೆ. ಬೇರೆ ಬೇರೆ ಹಳ್ಳಿಯವರು 7:05ರೊಳಗೆ ವಾಯ್ಸ್ ಮೆಸೇಜ್ ಕಳಿಸಬೇಕು. ಊರು, ಲೆಕ್ಕ, ಆಮೇಲೆ ಕಂಡದ್ದು ಒಂದು ಮಾತು. "ಒಂದು ಇಂಚು ಇಪ್ಪತ್ತು ಸೆಂಟು, ಹಳ್ಳ ಕೆಂಪಾಗಿದೆ." (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ.) ಆರು ಸೆಕೆಂಡ್. ಸಂಖ್ಯೆ ಹಿಂದೆ ಬರುವ ಆ ಒಂದು ಮಾತಿಗಾಗಿಯೇ ಇದನ್ನು ಮಾಡುತ್ತಿರುವುದು ಅಂದರೂ ತಪ್ಪಿಲ್ಲ. "ಕಾಲುಸಂಕ ದಾಟೋಕಾಗಲ್ಲ", "ಕರೆಂಟ್ ನಿನ್ನೆ ಸಂಜೆ ಹೋಗಿದ್ದು ಬಂದಿಲ್ಲ", "ತೋಟಕ್ಕೆ ಔಷಧಿ ಹೊಡೆಯೋಕೆ ಬಿಡ್ತಿಲ್ಲ ಮಾರಾಯ್ರೆ". ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಒಂದು ಹೊಳವು, ಅಂದರೆ ಮಳೆಯ ಬಿಡುವು, ಸಿಗದಿದ್ದರೆ ಆ ಸಂಕಟ ಏನು ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ವಾಯ್ಸ್ ಮೆಸೇಜ್ ಬರುವುದು ಓಪಸ್ ಫೈಲ್ ಆಗಿ. ಅದನ್ನು ವೇವ್ ಮಾಡಿಕೊಂಡು, 100 ಹರ್ಟ್ಸಿನ ಕೆಳಗಿನದು ಕತ್ತರಿಸಿ, ಲೌಡ್‌ನೆಸ್ ಸರಿ ಮಾಡಿದರೆ ಸಾಕು. ನಾಯ್ಸ್ ರಿಡಕ್ಷನ್ ಹಾಕಿ ಹಿಂದಿನ ಮಳೆ ಸದ್ದು ತೆಗೆಯಲು ನಮ್ಮ ಹುಡುಗ ಒಬ್ಬ ಬಹಳ ಕಷ್ಟಪಟ್ಟ. ದನಿ ನೀರೊಳಗಿಂದ ಬಂದ ಹಾಗೆ ಆಯಿತು. ಅಲ್ಲದೆ ಮಳೆ ಲೆಕ್ಕ ಹೇಳುವಾಗ ಹಿಂದೆ ಹೆಂಚಿನ ಮೇಲೆ ಮಳೆ ಬೀಳುವುದು ಕೇಳಿದರೆ ಒಳ್ಳೆಯದೇ ಅಲ್ವಾ? ಹಾಗೇ ಬಿಟ್ಟೆವು.

ಎಲ್ಲರ ಹತ್ತಿರ ಮಳೆಮಾಪಕ ಇರುವುದಿಲ್ಲ. ಹೈಸ್ಕೂಲ್ ಮಕ್ಕಳ ಜೊತೆ ಕೂತು ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಮಾಡಿದೆವು. ಬಾಟಲಿಯ ಮೇಲಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸುವುದು. ತಳ ಸಮ ಇರುವುದಿಲ್ಲ, ಅದಕ್ಕೆ ಸಣ್ಣ ಕಲ್ಲು ತುಂಬಿ, ನೇರ ಗೋಡೆ ಶುರುವಾಗುವ ತನಕ ನೀರು ಹಾಕಿ ಅಲ್ಲಿಗೆ ಸೊನ್ನೆ ಗೆರೆ. ಅಲ್ಲಿಂದ ಮೇಲೆ ಸ್ಕೇಲಿನಲ್ಲಿ ಮಿಲಿಮೀಟರ್ ಗುರುತು. ಬಾಯಿ ಮತ್ತು ಒಡಲು ಒಂದೇ ಅಗಲ ಇದ್ದರೆ ನೀರಿನ ಎತ್ತರವೇ ಮಳೆ, ಬೇರೆ ಲೆಕ್ಕ ಬೇಡ. ಮರದ ಕೆಳಗೆ, ಮಾಡಿನ ಅಂಚಿಗೆ ಇಡಬಾರದು. ಅಂಗಳದ ನಡುವೆ, ಹತ್ತಿರದ ಮನೆ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ. ಮಕ್ಕಳು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಅವರ ಅಜ್ಜಂದಿರು ಇಂಚಿನಲ್ಲಿ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ನಿರೂಪಕಿಯ ಮುಂದೆ ಒಂದು ಪಟ್ಟಿ ಅಂಟಿಸಿದ್ದೇವೆ, ಅವಳು ಇಂಚಿಗೆ ತಂದು ಮತ್ತೊಂದು ಸಲ ಹೇಳುತ್ತಾಳೆ.

ಒಂದು ಎಚ್ಚರಿಕೆ. ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಬೆಳಿಗ್ಗೆ 8:30ರಿಂದ ಮಾರನೇ ದಿನ 8:30ರವರೆಗೆ. ನಮ್ಮವರು 6:30ಕ್ಕೋ 7ಕ್ಕೋ ಅಳೆಯುತ್ತಾರೆ. ಹಾಗಾಗಿ ಪೇಪರಿನಲ್ಲಿ ಬರುವ ಅಂಕಿಗೂ ನಮ್ಮದಕ್ಕೂ ತಾಳೆ ಆಗುವುದಿಲ್ಲ. ಜನ ಜಗಳಕ್ಕೆ ಬರುವ ಮೊದಲೇ "ಇದು ನಿಮ್ಮ ಊರಿನವರು ಬೆಳಿಗ್ಗೆ ಅಳೆದದ್ದು" ಅಂತ ದಿನಾ ಹೇಳಿಬಿಡುತ್ತೇವೆ.

ಇದರ ಹಿಂದೆಯೇ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ. ಪೂರ್ಣ ಮಟ್ಟ 1819 ಅಡಿ. ದಿನಾ ಅಡಿ ಲೆಕ್ಕ ಓದುತ್ತಿದ್ದೆವು, ಯಾರ ತಲೆಗೂ ಹೋಗುತ್ತಿರಲಿಲ್ಲ. ಒಂದು ದಿನ ಶರಾವತಿ ಹಿನ್ನೀರಿನ ಕಡೆಯ ಒಬ್ಬ ಹಿರಿಯರು ಫೋನ್ ಮಾಡಿ "ಅದೆಲ್ಲ ಇರ್ಲಿ, ಮಡೆನೂರು ಡ್ಯಾಂ ಮುಳುಗ್ತಾ ಇಲ್ವಾ, ಅದನ್ನ ಹೇಳಿ" ಅಂದರು. 1964ರಲ್ಲಿ ಲಿಂಗನಮಕ್ಕಿ ಆದಾಗ ಅದಕ್ಕಿಂತ ಹಳೆಯ ಮಡೆನೂರು ಅಣೆಕಟ್ಟು ನೀರೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಎದ್ದು ಕಾಣುತ್ತದೆ. ಆ ನೀರಿನ ಕೆಳಗೆ ಊರು, ಗದ್ದೆ ಬಿಟ್ಟು ಬಂದವರ ಮನೆಗಳು ಇಲ್ಲಿ ಎಷ್ಟೋ ಇವೆ. ಅವರಿಗೆ ಅಡಿ ಲೆಕ್ಕದಿಂದ ಏನೂ ಕಾಣುವುದಿಲ್ಲ, "ಮಡೆನೂರು ಡ್ಯಾಂ ಮುಳುಗಿತು" ಅಂದರೆ ಎಲ್ಲ ಕಾಣುತ್ತದೆ. ಈಗ ಅಡಿ ಒಂದು ಸಲ, ಕಂಡ ಗುರುತು ಒಂದು ಸಲ, ಎರಡೂ ಹೇಳುತ್ತೇವೆ. ಗುರುತು ಹೇಳುವವರು ಅಲ್ಲಿನವರೇ.

ಮಳೆಯ ಜೊತೆ ರಜೆ. ಜುಲೈ ತಿಂಗಳಲ್ಲಿ ಮಲೆನಾಡಿನ ಮಕ್ಕಳು ಎದ್ದ ಕೂಡಲೇ ಕೇಳುವುದು ಒಂದೇ, ಇವತ್ತು ರಜೆನಾ? ವಾಟ್ಸಾಪ್‌ನಲ್ಲಿ ಹೋದ ವರ್ಷದ ಆದೇಶವನ್ನೇ ತಾರೀಕು ಮುಚ್ಚಿ ಕಳಿಸುವವರಿದ್ದಾರೆ. ನಮ್ಮ ನಿಯಮ ಗಟ್ಟಿ: ಆದೇಶ ಕಚೇರಿಯಿಂದ ಖಚಿತ ಆಗುವ ತನಕ "ರಜೆ ಇಲ್ಲ" ಅಂತಲೂ ಹೇಳುವುದಿಲ್ಲ, "ಇದೆ" ಅಂತಲೂ ಹೇಳುವುದಿಲ್ಲ, "ಇನ್ನೂ ಆದೇಶ ಬಂದಿಲ್ಲ" ಅಂತ ಮಾತ್ರ. ಈ ಒಂದು ವಾಕ್ಯಕ್ಕಾಗಿ ಇಡೀ ಶೋ ಕೇಳುವ ಮಕ್ಕಳಿದ್ದಾರೆ. ಬಂದರೆ ಕೂಗು, ಬರದಿದ್ದರೆ ನಿರೂಪಕಿಗೆ ಶಾಪ.

ರಾಶಿ ಎಷ್ಟು

7:35ಕ್ಕೆ ಹಿಂದಿನ ದಿನದ ಅಡಿಕೆ ರೇಟು. ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಮುಂಚೆ ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಎಲ್ಲ ಬಗೆಗೂ ಕನಿಷ್ಠ, ಗರಿಷ್ಠ ಅಂತ ಕ್ವಿಂಟಾಲಿಗೆ ಇಷ್ಟು ಸಾವಿರದ ಇಷ್ಟು ನೂರ ಇಷ್ಟು ರೂಪಾಯಿ ಓದುತ್ತಿದ್ದೆವು. ಕೇಳಿದವರ ತಲೆಯಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. ಈಗ ಮೊದಲ ವಾಕ್ಯ "ರಾಶಿ ಮೊನ್ನೆಗಿಂತ ನಿನ್ನೆ ಮುನ್ನೂರು ಜಾಸ್ತಿ" ಅಥವಾ ಕಮ್ಮಿ. ಆಮೇಲೆ ರಾಶಿಯ ರೇಟು ಎರಡು ಸಲ, ನಿಧಾನಕ್ಕೆ. ಮಿಕ್ಕಿದ್ದು ಒಂದೊಂದು ಸಲ. ಕೆಳಗೆ ಮ್ಯೂಸಿಕ್ ಇಲ್ಲ.

ಕರ್ಕಶ, ಗುಂಯ್, ಮತ್ತು ಟ್ಯೂನ್

ಇನ್ನು ರಿಪೇರಿ ಕೆಲಸಗಳು. ನಿರೂಪಕಿಯ "ಸ", "ಶ" ಗಾಳಿಯಲ್ಲಿ ಹೋಗುವಾಗ ಉಗುಳಿದ ಹಾಗೆ ಕೇಳುತ್ತಿತ್ತು. "ಸಾಸಿವೆ ಸೊಪ್ಪು" ಅಂದರೆ ಕೇಳುವವರು ಮುಖ ಒರೆಸಿಕೊಳ್ಳಬೇಕು. ಸ್ಟುಡಿಯೊ ರೆಕಾರ್ಡಿಂಗ್‌ನಲ್ಲಿ ಅದು ಇರಲಿಲ್ಲ, ರೇಡಿಯೊದಲ್ಲಿ ಮಾತ್ರ. ಕಾರಣ ಎಫ್‌ಎಂನ ಪ್ರೀ ಎಂಫಸಿಸ್. ಟ್ರಾನ್ಸ್‌ಮಿಟರ್ ಮೇಲಿನ ಫ್ರೀಕ್ವೆನ್ಸಿಗಳನ್ನು ಎತ್ತಿ ಕಳಿಸುತ್ತದೆ, ನಮ್ಮ ದೇಶದಲ್ಲಿ 50 ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ, ರೇಡಿಯೊ ಅದನ್ನು ಮತ್ತೆ ಇಳಿಸುತ್ತದೆ. ನಡುವೆ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇದೆ. ಎತ್ತಿದ "ಸ" ಬಂದು ಲಿಮಿಟರಿಗೆ ಬಡಿದರೆ ಮಾತು ಒಡೆಯುತ್ತದೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆ ಮಾಡಿ, "ಸ"ಕಾರ ತಗ್ಗಿಸುವ ಡೀಎಸ್ಸರ್‌ನಲ್ಲಿ 6ರಿಂದ 8 ಕಿಲೋಹರ್ಟ್ಸ್ ಕಡೆ ಸ್ವಲ್ಪ ತಗ್ಗಿಸಿದ ಮೇಲೆ ಸಾಸಿವೆ ಒಣಗಿತು.

ಇನ್ನೊಂದು, ಕರೆಂಟ್ ಹೋದಾಗ ಗುಂಯ್ ಅನ್ನುವ ಸದ್ದು. ಮಳೆಗಾಲದ ಬೆಳಿಗ್ಗೆ ಕರೆಂಟ್ ಹೋಗದ ದಿನ ಕಮ್ಮಿ. ಇನ್ವರ್ಟರ್‌ಗೆ ಬದಲಾದ ಕೂಡಲೇ ಮಾತಿನ ಕೆಳಗೆ ಗುಂಯ್. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ಹಾಗಾದರೆ ಚಾರ್ಜರ್ ದಾರಿಯಲ್ಲಿ ಅರ್ತ್ ಲೂಪ್, ಅಂದರೆ ಉಪಕರಣಗಳ ನಡುವೆ ಅರ್ತ್ ಎರಡು ದಾರಿಯಲ್ಲಿ ಸೇರಿ ಸುತ್ತು ಆಗಿದೆ ಅಂತ ಅರ್ಥ. ಲ್ಯಾಪ್‌ಟಾಪ್‌ಗೂ ಮಿಕ್ಸರ್‌ಗೂ ನಡುವೆ ಆ ಸುತ್ತನ್ನು ಕಡಿಯುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಸಣ್ಣ ಪೆಟ್ಟಿಗೆ, ಡಿಐ ಬಾಕ್ಸ್, ಹಾಕಿದೆವು, ಸದ್ದು ಹೋಯಿತು. ಅರ್ತ್ ಪಿನ್ ಕಿತ್ತುಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ, ಒದ್ದೆ ಕಾಲಲ್ಲಿ ಮೈಕ್ ಹಿಡಿಯುವವರು ನಮ್ಮ ಮಕ್ಕಳೇ.

ಟ್ಯೂನ್ ಬಗ್ಗೆ ಒಂದು ಮಾತು. ಆಕಾಶವಾಣಿಯ ಬೆಳಗಿನ ಟ್ಯೂನ್ ಮಾಡಿದವರು ವಾಲ್ಟರ್ ಕಾಫ್‌ಮನ್, ಯುರೋಪಿನಿಂದ ಬಂದ ಸಂಗೀತಗಾರ, 1930ರ ದಶಕದ ಕೆಲಸ. ಹಿಂದೆ ತಂಬೂರಿ, ಮೇಲೆ ವಯೊಲಿನ್. ಅದನ್ನು ಇವತ್ತಿಗೂ ಗುನುಗುವವರಿದ್ದಾರೆ. ನಮ್ಮ ಹಳೇ ಟ್ಯೂನ್ ಕಂಪ್ಯೂಟರಿನಲ್ಲಿ ಮಾಡಿದ್ದು, ಜೋರು, ಅರ್ಧ ನಿಮಿಷ, ಯಾರೂ ಗುನುಗಿದ್ದು ಕಂಡಿಲ್ಲ. ಹೊಸದರಲ್ಲಿ ಒಂದೇ ಕೊಳಲು, ನಾಲ್ಕು ಸ್ವರ, ಆರು ಸೆಕೆಂಡ್. ನುಡಿಸಿದ್ದು ಇಲ್ಲಿನದೇ ಪ್ರೌಢಶಾಲೆಯ ಮೇಷ್ಟ್ರು. ಅದೇ ನಾಲ್ಕು ಸ್ವರ ಪ್ರತಿ ಐಟಂ ಮುಂದೆ ಬರುತ್ತದೆ: ಸದ್ದಿಗೆ ಮೊದಲು ಎರಡು ಸ್ವರ, ಮಳೆಗೆ ನಾಲ್ಕು, ರೇಟಿಗೆ ಕೊನೆಯದೊಂದು. ಕಿವಿಗೆ ಅದು ಹತ್ತಲು ಸ್ವಲ್ಪ ದಿನ ಹಿಡಿಯಿತು. ಡೈರಿ ಕ್ಯೂನಲ್ಲಿ ಒಬ್ಬರು ಎರಡು ಸ್ವರ ಕೇಳಿದ ಕೂಡಲೇ "ಶ್, ಸದ್ದು ಬಂತು" ಅಂದದ್ದನ್ನು ಕೇಳಿ ನಮ್ಮ ಮೇಷ್ಟ್ರು ಎಲ್ಲರಿಗೂ ಟೀ ಕೊಡಿಸಿದರು.

ಈಗ ಬಾಕಿ ಇರುವುದು 7:20ರ ಜಾಗ. ಮಳೆ ನಿಂತ ಮೇಲೆ ಅಲ್ಲಿ ಏನು ಹಾಕುವುದು? ಜಾಗ ಬಿಟ್ಟುಕೊಟ್ಟರೆ ಜನರಿಗೆ ಆ ಹೊತ್ತಿಗೆ ರೇಡಿಯೊ ಹಾಕುವ ಅಭ್ಯಾಸವೇ ತಪ್ಪುತ್ತದೆ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ಎಲ್ಲರಿಗೂ ಬೇಕಾದದ್ದು ಬಿಸಿಲು, ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿದ ಮೇಲೆ ಮೋಡ ಕಟ್ಟಿದರೆ ಹೋಯಿತು. ಹಾಗಾಗಿ ಅದೇ ನಿಮಿಷಕ್ಕೆ, ಅದೇ ನಾಲ್ಕು ಸ್ವರದ ಹಿಂದೆ, "ಇವತ್ತು ಅಡಿಕೆ ಹರವಬಹುದಾ?" ಅಂತ ಮಾಡುವ ಯೋಚನೆ ಇದೆ. ಹವಾಮಾನ ಇಲಾಖೆಯ ಮುನ್ಸೂಚನೆ ಒಂದು ವಾಕ್ಯ, ಆಮೇಲೆ ಮಳೆ ಲೆಕ್ಕ ಕಳಿಸುತ್ತಿದ್ದ ಅದೇ ಹಳ್ಳಿಗಳವರು ತಮ್ಮ ಅಂಗಳದಿಂದ ಆಕಾಶ ನೋಡಿ ಹೇಳುವುದು. ಯಾರ ಊಹೆ ಎಷ್ಟು ಸಲ ಸರಿಯಾಯಿತು ಅಂತ ಶನಿವಾರ ಲೆಕ್ಕ ಹಾಕಿ ಓದೋಣ ಅಂತ ನಿರೂಪಕಿ ಹೇಳುತ್ತಿದ್ದಾಳೆ. ಮಡೆನೂರು ಡ್ಯಾಂ ಕೇಳಿದ ಹಿರಿಯರು ಈಗಲೇ ಹೆಸರು ಬರೆಸಿದ್ದಾರೆ.